ದಪ್ಪ ಕಾಗದ ಕಂಡರೆ ಮುನಿಯುವ ಪ್ರಿಂಟರ್: ಮನೆಯಲ್ಲೇ ಗ್ರೀಟಿಂಗ್ ಕಾರ್ಡ್ ಮಾಡಿದ ಎರಡು ವರ್ಷ

ಮಗಳ ಕಾಲೇಜು ಪ್ರಾಜೆಕ್ಟಿಗೆಂದು ತಂದ ಇಂಕ್‌ಜೆಟ್ ಪ್ರಿಂಟರ್ ಇದು. ಓದು ಮುಗಿಸಿ ಅವಳು ಬೇರೆ ಊರಿಗೆ ಹೋದಳು, ಪ್ರಿಂಟರ್ ನನ್ನ ಪಾಲಿಗೆ ಉಳಿಯಿತು. ಸುಮ್ನೆ ಧೂಳು ಹಿಡಿಸೋದು ಯಾಕೆ ಅಂತ ಅವಳ ಹುಟ್ಟುಹಬ್ಬಕ್ಕೇ ಮೊದಲ ಕಾರ್ಡ್ ಮಾಡಿದೆ. ಹಾಳೆ ಅಡ್ಡ ಇಟ್ಟಾಗ ಮುಖಪುಟ ಬಲಗಡೆಯ ಅರ್ಧದಲ್ಲಿ ಬರಬೇಕು. ನಾನು ಎಡಕ್ಕೆ ಹಾಕಿದ್ದೆ. "ಅಮ್ಮಾ, ಇದನ್ನ ಹಿಂದಿನಿಂದ ಮುಂದಕ್ಕೆ ಓದಬೇಕಾ?" ಅಂದಳು. ಆಮೇಲೆ ನೂರರ ಹತ್ತಿರ ಕಾರ್ಡ್ ಮಾಡಿದ್ದೇನೆ. ಹಾಳಾದ ಹಾಳೆಗಳ ಲೆಕ್ಕ ಬೇಡ.

ಪ್ರಿಂಟರ್‌ಗೆ ಹತ್ತಕ್ಕೆ ಏಳು ಅಂಕ ಕೊಡುತ್ತೇನೆ. ಬಣ್ಣದ ಬಗ್ಗೆ ದೂರಿಲ್ಲ. ಕಳೆದ ಮೂರು ಅಂಕವೆಲ್ಲ ಅದು ಕಾಗದ ಎಳೆದುಕೊಳ್ಳುವ ರೀತಿಗೆ. ಮಾಮೂಲಿ ಪ್ರಿಂಟಿಂಗ್ ಕಾಗದ 70ರಿಂದ 80 ಜಿಎಸ್ಎಂ ಇರುತ್ತದೆ, ಅಂದರೆ ಒಂದು ಚದರ ಮೀಟರ್ ಕಾಗದ ಅಷ್ಟು ಗ್ರಾಂ ತೂಗುತ್ತದೆ. ಅದರಲ್ಲಿ ಮಾಡಿದ ಕಾರ್ಡ್ ನೆಟ್ಟಗೆ ನಿಲ್ಲಲ್ಲ, ಸೋತು ಮಲಗುತ್ತದೆ. ಕೈಗೆ ಕಾರ್ಡ್ ಅನ್ನಿಸಬೇಕಾದರೆ 200 ಜಿಎಸ್ಎಂ ಆದರೂ ಬೇಕು. ಆದರೆ ಇದರ ಕೆಳಗಿನ ಟ್ರೇಯಿಂದ ಹೊರಟ ಹಾಳೆ ಒಳಗೆ ಅರ್ಧ ಸುತ್ತು ಬಾಗಿ ಮುಂದಕ್ಕೆ ಬರಬೇಕು. 220ರ ಹಾಳೆ ಆ ತಿರುವಿನಲ್ಲೇ ಸಿಕ್ಕಿಕೊಂಡು ಕುಳಿತಿತು. ಕೊನೆಗೆ ಹಿಂಬದಿಯ ಮುಚ್ಚಳ ತೆಗೆದು, ಚೂರು ಚೂರಾಗಿ ಎಳೆದೆ. ಅದೃಷ್ಟಕ್ಕೆ ಹಿಂದೆ ಇನ್ನೊಂದು ಸಣ್ಣ ಬಾಯಿ ಇದೆ. ಒಂದು ಸಲಕ್ಕೆ ಒಂದೇ ಹಾಳೆ, ಆದರೆ ದಾರಿ ಹೆಚ್ಚುಕಡಿಮೆ ನೇರ. ಈಗ ಕಾರ್ಡಿಗೆಲ್ಲ ಅದೇ. ನೀವು ಹೊಸ ಪ್ರಿಂಟರ್ ನೋಡುತ್ತಿದ್ದರೆ ನಿಮಿಷಕ್ಕೆ ಎಷ್ಟು ಪುಟ ಅನ್ನೋದನ್ನ ಬಿಡಿ. ಹಿಂದಿನಿಂದ ಹಾಳೆ ಹಾಕಬಹುದಾ, ಎಷ್ಟು ಜಿಎಸ್ಎಂವರೆಗೆ ತಗೊಳ್ಳುತ್ತೆ, ಇವೆರಡನ್ನೇ ಕೇಳಿ.

ಇನ್ನು ಹೊಳಪಿನ ಕಾಗದ. ನೋಡೋಕೆ ಚಂದ, ಕಾರ್ಡಿಗೆ ನನಗಂತೂ ಬೇಡ. ಮಡಿಸಿದ ಕಡೆ ಹೊಳಪಿನ ಪದರ ಬಿರಿದು ಬಿಳಿ ಗೆರೆ ಕಾಣುತ್ತದೆ. ಅದರ ಮೇಲೆ ಪೆನ್ನೂ ಸರಿಯಾಗಿ ಓಡಲ್ಲ. ನನ್ನದರಲ್ಲಿ ಕಪ್ಪು ಇಂಕು ಮಾತ್ರ ಪಿಗ್ಮೆಂಟ್, ಉಳಿದ ಮೂರು ಬಣ್ಣ ಡೈ. ಡೈ ಅಂದರೆ ನೀರಿನಲ್ಲಿ ಕರಗಿದ ಬಣ್ಣ, ಕಾಗದದೊಳಗೆ ಇಳಿಯುತ್ತದೆ. ಪಿಗ್ಮೆಂಟ್ ಅಂದರೆ ತೇಲುವ ಪುಡಿ, ಮೇಲೆಯೇ ಕೂರುತ್ತದೆ. ಒಂದು ದಿನ ಸೆಟ್ಟಿಂಗ್ ಬದಲಿಸೋದು ಮರೆತು, ಹೊಳಪಿನ ಹಾಳೆಗೆ ಮಾಮೂಲಿ ಕಾಗದದ ಸೆಟ್ಟಿಂಗಿನಲ್ಲೇ ಪ್ರಿಂಟ್ ಕೊಟ್ಟೆ. ಕಪ್ಪು ಅಕ್ಷರ ಮರುದಿನವೂ ಒಣಗಿರಲಿಲ್ಲ, ಕಾಡಿಗೆ ಥರ ಬೆರಳಿಗೆ ಅಂಟಿತು. ಫೋಟೊ ಕಾಗದ ಅಂತ ಆರಿಸಿದ್ದರೆ ಪ್ರಿಂಟರ್ ಆ ಕಪ್ಪನ್ನು ಬಿಟ್ಟು, ಮೂರು ಬಣ್ಣ ಸೇರಿಸಿಯೇ ಕಪ್ಪು ಮಾಡುತ್ತಿತ್ತು. ಕಾಗದ ಯಾವುದೋ ಅದನ್ನೇ ಸೆಟ್ಟಿಂಗಿನಲ್ಲೂ ಹೇಳಬೇಕು, ಅಷ್ಟೇ. ಇಷ್ಟು ಕಲಿಯೋಕೆ ಆರು ಹಾಳೆ ಹೋದವು.

ಈಗ ನಾನು ಬಳಸೋದು ಒಂದೇ ಬದಿಗೆ ಲೇಪ ಇರುವ, ಹೊಳಪಿಲ್ಲದ ಮ್ಯಾಟ್ ಹಾಳೆ.

ಮಡಿಕೆಯ ವಿಷಯ ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಕಾಗದದ ನಾರು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತದೆ. ಬಟ್ಟೆ ಹರಿಯುವಾಗ ಒಂದು ಕಡೆಗೆ ಸಲೀಸಾಗಿ ಹರಿಯುತ್ತೆ ಅಲ್ವಾ, ಹಾಗೆ. ನಾರಿನ ಜೊತೆ ಮಡಿಸಿದರೆ ಮಡಿಕೆ ನೀಟಾಗಿ ಬರುತ್ತದೆ, ಅಡ್ಡ ಮಡಿಸಿದರೆ ಸಿಡಿಯುತ್ತದೆ. ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ. ಸುಲಭವಾಗಿ ಬಾಗುವ ಕಡೆ ನಾರು ಆ ಮಡಿಕೆಯ ಗೆರೆಯುದ್ದಕ್ಕೂ ಇದೆ ಅಂತ. ನಾನು ತರುವ ಎ4 ಹಾಳೆಯಲ್ಲಿ ನಾರು ಉದ್ದಕ್ಕೆ ಇದೆ. ಹಾಗಾಗಿ ಅದನ್ನು ನಡುವೆ ಮಡಿಸಿ ದೊಡ್ಡ ಕಾರ್ಡ್ ಮಾಡಿದರೆ ಮಡಿಕೆ ನಾರಿಗೆ ಅಡ್ಡ ಬೀಳುತ್ತದೆ. ಅದೇ ಹಾಳೆಯನ್ನು ಎರಡು ತುಂಡು ಮಾಡಿ, ಒಂದೊಂದನ್ನೂ ನಡುವೆ ಮಡಿಸಿದರೆ 105 × 148 ಮಿಲಿಮೀಟರಿನ ಎರಡು ಪುಟ್ಟ ಕಾರ್ಡ್. ಈ ಸಲ ಮಡಿಕೆ ನಾರಿನ ಜೊತೆಗೇ ಹೋಗುತ್ತದೆ! ಸಿ6 ಅಳತೆಯ ಲಕೋಟೆಗೂ ಸರಿಯಾಗಿ ಕೂರುತ್ತದೆ. ಇದು ಗೊತ್ತಾದ ದಿನ ನನಗೆ ಆದ ಖುಷಿ ಮನೆಯಲ್ಲಿ ಬೇರೆ ಯಾರಿಗೂ ಆಗಲಿಲ್ಲ.

ಮಡಿಸುವ ಮೊದಲು ಸ್ಕೇಲ್ ಇಟ್ಟು, ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಒಂದು ಗೆರೆ ಎಳೆಯಿರಿ. ಇಂಕು ಪೂರ್ತಿ ಮುಗಿದಿರಬೇಕು. ಮುಗಿದಿದೆ ಅಂದುಕೊಂಡ ಪೆನ್ನು ನನ್ನ ಕಾರ್ಡಿನ ಮೇಲೆಯೇ ಮತ್ತೆ ಬರೆಯೋಕೆ ಶುರುಮಾಡಿತ್ತು.

ಕನ್ನಡ ಅಕ್ಷರದ ಪಾಡು ಬೇರೆಯೇ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ನಮಗೆ ಸಾಲದು. 'ಹುಟ್ಟುಹಬ್ಬದ' ಅನ್ನುವ ಪದದ ಒತ್ತುಗಳು ಕೆಳಗಿನ ಸಾಲಿನ ಗುಡಿಸಿನ ಮೇಲೆ ಹೋಗಿ ಕೂರುತ್ತವೆ. ಅಂತರ ಒಂದೂವರೆ ಪಟ್ಟು ಇಟ್ಟರೆ ಉಸಿರಾಡುತ್ತದೆ. ಕೆಲವು ಹಳೆಯ ಡಿಸೈನ್ ತಂತ್ರಾಂಶಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ನಿಲ್ಲುವುದೂ ಉಂಟು. ನಾನು ಪಿಡಿಎಫ್ ಮಾಡಿ, ದೊಡ್ಡದು ಮಾಡಿ ಓದಿದ ಮೇಲೇ ಪ್ರಿಂಟ್ ಕೊಡೋದು. ಕೊಡುವಾಗ ಅಳತೆ 100% ಇರಲಿ. 'ಪುಟಕ್ಕೆ ಹೊಂದಿಸು' ಅಂತ ಬಿಟ್ಟರೆ ಚಿತ್ರ ಕುಗ್ಗಿ ಮಡಿಕೆ ನಡುವಿನಿಂದ ಜರುಗಬಹುದು. ಫೋಟೊ ಹಾಕೋದಾದರೆ ಆ ಪುಟ್ಟ ಮುಖಪುಟಕ್ಕೆ 1240 × 1748 ಪಿಕ್ಸೆಲ್ ಸಾಕು, ಇಂಚಿಗೆ 300 ಚುಕ್ಕಿಯ ಲೆಕ್ಕ. ಚಾಟಿನಲ್ಲಿ ಬಂದ ಫೋಟೊ ಕುಗ್ಗಿರುತ್ತದೆ, ಮೂಲ ಫೋಟೊ ಕೇಳಿ ತರಿಸಿಕೊಳ್ಳಿ.

ಪ್ರಿಂಟರ್ ಮೇಲೆ ಇನ್ನೊಂದು ಸಿಟ್ಟಿದೆ. ತಿಂಗಳು ಸುಮ್ಮನಿಟ್ಟರೆ ಇಂಕು ಒಣಗಿ, ಅದು ಚಿಮ್ಮುವ ಹೆಡ್ಡಿನ ರಂಧ್ರ ಕಟ್ಟಿಕೊಳ್ಳುತ್ತದೆ. ಹಳದಿ ಬರಲ್ಲ, ಸೂರ್ಯಕಾಂತಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹೆಡ್ ಕ್ಲೀನಿಂಗ್ ಕೊಟ್ಟರೆ ಸರಿಹೋಗುತ್ತದೆ, ಆದರೆ ಪ್ರತಿ ಸಲ ಇಂಕು ದಂಡ. ವಾರಕ್ಕೊಂದು ಬಣ್ಣದ ಪುಟ ತೆಗೆಯೋದೇ ವಾಸಿ.

ನಾಲ್ಕು ಡಜನ್ ಒಂದೇ ಥರದ ಕಾರ್ಡ್ ಬೇಕಾದರೆ ಪ್ರೆಸ್ಸಿಗೇ ಕೊಡಿ. ಒಂದು ಸಲ ಮಾಡಿದೆ, ಬೆನ್ನು ಹಿಡಿದುಕೊಂಡಿತು. ಐದಾರು ಬೇಕು, ಒಂದೊಂದರ ಮೇಲೂ ಬೇರೆ ಹೆಸರು, ಬೇರೆ ಫೋಟೊ ಅಂದರೆ ಮನೆಯ ಪ್ರಿಂಟರ್ ಒಳ್ಳೆಯ ಜೊತೆ.

ಒಳಗಡೆ ಪ್ರಿಂಟ್ ಮಾಡೋದನ್ನ ಮಾತ್ರ ಬಿಟ್ಟಿದ್ದೇನೆ. ಹಾಳೆ ತಿರುವಿ ಹಾಕುವಾಗ ಹತ್ತರಲ್ಲಿ ಮೂರು ತಲೆಕೆಳಗಾಗುತ್ತಿದ್ದವು. ಹೇಗಿದ್ದರೂ ಲೇಪವಿಲ್ಲದ ಆ ಬದಿಯಲ್ಲಿ ಪ್ರಿಂಟ್ ಮಂಕು, ಬಾಲ್‌ಪೆನ್ನು ಮಾತ್ರ ಸೊಗಸಾಗಿ ಓಡುತ್ತದೆ. ಕೈಯಲ್ಲೇ ನಾಲ್ಕು ಸಾಲು ಬರೆಯುತ್ತೇನೆ. ಮೊನ್ನೆ ಮಗಳು ಫೋನಿನಲ್ಲಿ, "ಮುಖಪುಟದ ಚಿತ್ರ ಪರವಾಗಿಲ್ಲ, ಒಳಗಿರೋ ನಿನ್ನ ಅಕ್ಷರ ಒಂಚೂರು ದಪ್ಪ ಬರಿ, ಓದೋಕೆ ಆಗಲ್ಲ" ಅಂದಳು.