ಮೀನುಗಾರಿಕೆ ಕೆಲಸಕ್ಕೆ ಸುಕ್ಕು ಲೇಟೆಕ್ಸ್ ಗ್ಲೌಸ್: ಮಲ್ಪೆಯಲ್ಲಿ ಒಂದು ಸೀಸನ್ ಬಳಸಿದ ಮೇಲೆ

ಬಳಸಿದ್ದು 13 ಗೇಜಿನ (ಹೆಣೆಯುವ ಯಂತ್ರದಲ್ಲಿ ಇಂಚಿಗೆ 13 ಸೂಜಿ) ಪಾಲಿಯೆಸ್ಟರ್ ಗ್ಲೌಸ್. ಅಂಗೈ ಮತ್ತು ಬೆರಳುಗಳ ಒಳಬದಿಗೆ ಸುಕ್ಕುಸುಕ್ಕಾದ ಲೇಟೆಕ್ಸ್ (ಸಹಜ ರಬ್ಬರು) ಲೇಪ, ಹಿಂಬದಿ ಬರೀ ಬಟ್ಟೆ, ಮಣಿಕಟ್ಟಿಗೆ ಇಲಾಸ್ಟಿಕ್. ಜೂನ್, ಜುಲೈಯ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದ ಆಗಸ್ಟ್‌ನಿಂದ ಮೇ ತನಕದ ಬಳಕೆ ಇದು. ಐಸ್ ತುಂಬುವುದು, ಕ್ರೇಟ್ ಎತ್ತುವುದು, ಬಂಗುಡೆ–ಬೂತಾಯಿ ಬೇರ್ಪಡಿಸುವುದು, ಹಗ್ಗ ಎಳೆಯುವುದು ಮುಖ್ಯ ಕೆಲಸ. ಹೋಲಿಸಿ ನೋಡಲು ಮರಳಿನಂತೆ ತರಿತರಿಯಾದ ನೈಟ್ರೈಲ್ (ಎಣ್ಣೆ ತಡೆಯುವ ಕೃತಕ ರಬ್ಬರು) ಗ್ಲೌಸನ್ನೂ ಜೊತೆಗಿಟ್ಟುಕೊಂಡಿತ್ತು.

ಒದ್ದೆ ಕ್ರೇಟಿನ ಅಂಚು ಹಿಡಿಯುವಾಗ ಸುಕ್ಕು ಲೇಟೆಕ್ಸನ್ನು ಮೀರಿಸಿದ್ದು ಕಾಣಲಿಲ್ಲ. ರಬ್ಬರು ಹಿಡಿಯಬೇಕಾದರೆ ಅದು ವಸ್ತುವಿಗೆ ತಾಗಬೇಕು. ನಡುವೆ ನೀರಿನ ಪದರ ನಿಂತರೆ ಎಷ್ಟು ಒಳ್ಳೆಯ ರಬ್ಬರೂ ಜಾರುತ್ತದೆ. ಸುಕ್ಕಿನ ತಗ್ಗುಗಳು ಆ ನೀರಿಗೆ ಹರಿದುಹೋಗಲು ದಾರಿ ಕೊಡುತ್ತವೆ, ಉಬ್ಬುಗಳು ಪ್ಲಾಸ್ಟಿಕ್ಕಿಗೆ ಒತ್ತಿಕೊಳ್ಳುತ್ತವೆ. ಬೈಕ್ ಟಯರಿನ ಗೆರೆಗಳ ಕೆಲಸವೂ ಇದೇ. ಹಿಡಿತ ಸಿಕ್ಕಿದಾಗ ಕೈ ಅನಗತ್ಯವಾಗಿ ಬಿಗಿಹಿಡಿಯುವುದಿಲ್ಲ. ಹಾಗಾಗಿ ಮಧ್ಯಾಹ್ನದ ಹೊತ್ತಿಗೆ ಮೊಣಕೈ ಕೆಳಗಿನ ಸ್ನಾಯು ನೋಯುವುದು ಕಡಿಮೆ. ಗ್ರಿಪ್ ಎಂದರೆ ವಸ್ತು ಬೀಳದಿರುವುದಷ್ಟೇ ಅಲ್ಲ, ಅದನ್ನು ಹಿಡಿಯಲು ಎಷ್ಟು ಕಡಿಮೆ ಬಲ ಸಾಕು ಎನ್ನುವುದೂ ಹೌದು.

ಎಣ್ಣೆ ತಾಗಿತೋ, ಕತೆ ಬೇರೆ. ಡೀಸೆಲ್, ಗ್ರೀಸ್, ಗೇರುಬೀಜದ ಸಿಪ್ಪೆಯ ಎಣ್ಣೆ ಯಾವುದಾದರೂ ಸರಿ, ಲೇಟೆಕ್ಸ್ ಅದನ್ನು ಹೀರಿಕೊಂಡು ಉಬ್ಬುತ್ತದೆ, ಅಂಟಂಟಾಗುತ್ತದೆ, ಕೊನೆಗೆ ಬಟ್ಟೆಯಿಂದ ಹಾಳೆಯ ಹಾಗೆ ಕಿತ್ತುಬರುತ್ತದೆ. ತೊಳೆದರೂ ಅದು ಮೊದಲಿನಂತಾಗುವುದಿಲ್ಲ. ಎಂಜಿನ್ ಕೆಲಸಕ್ಕೆ ನೈಟ್ರೈಲ್ ಬೇಕು. ಅದರ ತರಿ ಬರುವ ಬಗೆಯೂ ಸ್ವಾರಸ್ಯ: ಹಸಿ ಲೇಪದ ಮೇಲೆ ಉಪ್ಪಿನ ಹರಳು ಉದುರಿಸಿ, ಲೇಪ ಗಟ್ಟಿಯಾದ ಮೇಲೆ ತೊಳೆಯುತ್ತಾರೆ; ಉಪ್ಪು ಕರಗಿದ ಜಾಗದಲ್ಲಿ ಸಣ್ಣ ಸಣ್ಣ ಗುಳಿ ಉಳಿಯುತ್ತದೆ. ತೆಳು ಎಣ್ಣೆ ಆ ಗುಳಿಗೆ ಸರಿಯುತ್ತದೆ, ಅಂಚು ಹಿಡಿಯುತ್ತದೆ. ಆದರೆ ಕೆಂಪುಕಲ್ಲು ಹೊರುವವರು ಇದನ್ನು ಕೊಂಡರೆ ಕಲ್ಲಿನ ಪುಡಿ ಗುಳಿ ತುಂಬಿ ಕೆಲವೇ ದಿನದಲ್ಲಿ ನುಣುಪಾಗುತ್ತದೆ. ಆಗಾಗ ಬ್ರಷ್ ಹಾಕಿ ಉಜ್ಜುವ ತಾಳ್ಮೆ ಇದ್ದವರಿಗೆ ಮಾತ್ರ.

ಮೊದಲು ಹರಿಯುವುದು ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಕವಲು. ಹಗ್ಗ ಉಜ್ಜುವುದೂ ಅಲ್ಲೇ, ಪ್ರತಿ ಸಲ ಕೈ ಮಡಚಿದಾಗ ಬಟ್ಟೆ ಎಳೆಯುವುದೂ ಅಲ್ಲೇ. ಕೊಳ್ಳುವಾಗ ಈ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಲೇಪದ ನಡುವೆ ಬಟ್ಟೆಯ ಬಿಳಿ ಕಂಡರೆ ಆ ಜೋಡಿ ಬೇಡ. ಕವಲಿಗೆ ಎರಡನೇ ಸಲ ಲೇಪ ಕೊಟ್ಟ ಗ್ಲೌಸ್ ಸಿಕ್ಕಿದರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ತನ್ನಿ.

ಅಳತೆಯ ವಿಷಯದಲ್ಲಿ ನಮ್ಮ ಅಂಗಡಿಗಳ ಮೇಲೆ ದೂರಿದೆ. ಬಹಳ ಕಡೆ ಇಡುವುದು ದೊಡ್ಡ ಅಳತೆ ಒಂದನ್ನೇ. ಹೆಬ್ಬೆರಳು ಬಿಟ್ಟು ಅಂಗೈಯ ಸುತ್ತಳತೆ ಟೇಪಿನಲ್ಲಿ ನೋಡಿ: ಸುಮಾರು 178 ಮಿ.ಮೀ. ಇದ್ದರೆ 7, 203 ಇದ್ದರೆ 8, 229 ಇದ್ದರೆ 9, 254 ಇದ್ದರೆ 10. ಮೀನು ಬೇರ್ಪಡಿಸುವ ಹೆಂಗಸರಲ್ಲಿ ಹಲವರಿಗೆ 7 ಅಥವಾ 8 ಸಾಕು. ಅವರಿಗೆ 10 ಕೊಟ್ಟರೆ ಬೆರಳ ತುದಿಯಲ್ಲಿ ಉಳಿದ ಖಾಲಿ ಬಟ್ಟೆ ಬಲೆಯ ಕಣ್ಣಿಗೆ ಸಿಕ್ಕಿಕೊಳ್ಳುತ್ತದೆ, ಅಂಗೈಯಲ್ಲಿ ಮಡಿಕೆ ಬಿದ್ದು ಗುಳ್ಳೆ ಏಳುತ್ತದೆ. ಲೇಪ ಎಷ್ಟೇ ಒರಟಾಗಿರಲಿ, ಕೈ ಒಳಗೇ ಜಾರಿದರೆ ಏನು ಪ್ರಯೋಜನ?

ಹಿಂಬದಿ ತೆರೆದಿರುವುದು ಈ ಸೆಕೆಗೆ ಅನುಕೂಲ, ಬೆವರು ಆರುತ್ತದೆ. ಐಸ್ ನೀರು ಒಳಬರುವುದೂ ಅದೇ ದಾರಿಯಲ್ಲಿ. ಹೊತ್ತುಗಟ್ಟಲೆ ಐಸಿನಲ್ಲಿ ಕೈಯಾಡಿಸುವವರಿಗೆ ಹಿಂಬದಿಯೂ ಸೇರಿ ಪೂರ್ತಿ ಲೇಪದಲ್ಲಿ ಅದ್ದಿದ, ಒಳಗೆ ಅಕ್ರಿಲಿಕ್ ಪದರವಿರುವ ಗ್ಲೌಸೇ ಸರಿ.

ಗ್ಲೌಸಿನ ಮೇಲೆ ಸುತ್ತಿಗೆಯ ಗುರುತಿನ ಕೆಳಗೆ ಇಎನ್ 388ರ (ಕೆಲಸದ ಗ್ಲೌಸಿನ ಯುರೋಪಿಯನ್ ಮಾನದಂಡ) ಅಂಕಿಗಳಿರುತ್ತವೆ. ಕ್ರಮವಾಗಿ ಸವೆತ, ಕೊಯ್ತ, ಹರಿಯುವಿಕೆ, ಚುಚ್ಚುವಿಕೆ. ಸವೆತದಲ್ಲಿ 2 ಎಂದರೆ ಕನಿಷ್ಠ 500 ಸುತ್ತು ಉಜ್ಜುವಿಕೆ ತಡೆದಿದೆ, 3 ಎಂದರೆ 2,000, 4 ಎಂದರೆ 8,000. ಹಗ್ಗದ ಕೆಲಸಕ್ಕೆ 3ಕ್ಕಿಂತ ಕೆಳಗಿನದು ಬೇಡ. ನಾಲ್ಕನೇ ಅಂಕಿ ನೋಡಿ ಮೋಸಹೋಗಬೇಡಿ: ಆ ಪರೀಕ್ಷೆ ನಡೆಯುವುದು ದಪ್ಪ ಉಕ್ಕಿನ ಮೊನೆಯಿಂದ, ಮೀನಿನ ಮುಳ್ಳಿನಂಥ ಸೂಜಿಯಿಂದಲ್ಲ. ಮುಳ್ಳು ಈ ಗ್ಲೌಸನ್ನು ಸಲೀಸಾಗಿ ದಾಟುತ್ತದೆ.

ಒಣಗಿಸುವುದೇ ಕರಾವಳಿಯ ದೊಡ್ಡ ತಲೆನೋವು. ದಿನದ ಕೆಲಸ ಮುಗಿದ ಕೂಡಲೇ ಕೈಯಲ್ಲಿ ಹಾಕಿಕೊಂಡೇ ಸಿಹಿನೀರು, ಸಾಬೂನು ಹಾಕಿ ಉಜ್ಜಿ. ಆಮೇಲೆ ತೆಗೆದು ಬೆರಳು ಮೇಲೆ, ಬಾಯಿ ಕೆಳಗೆ ಬರುವಂತೆ ಕೋಲಿಗೆ ಸಿಕ್ಕಿಸಿ ಗಾಳಿಯಾಡುವ ನೆರಳಲ್ಲಿಡಿ. ಬಿಸಿಲಿಗೆ ಹಾಕಿದರೆ ಲೇಟೆಕ್ಸ್ ಬಿರುಕು ಬಿಡುತ್ತದೆ. ಬ್ಲೀಚ್ ಹಾಕಿದರೂ ಅದೇ ಗತಿ. ಆಗಸ್ಟ್–ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿಗೆ ಒಣಗುವುದಿಲ್ಲ, ಒದ್ದೆಯದನ್ನೇ ಮತ್ತೆ ತೊಟ್ಟರೆ ಬೆರಳ ಸಂದಿಯಲ್ಲಿ ತುರಿಕೆ ಶುರು. ಎರಡು ಜೋಡಿ ಇಟ್ಟು ದಿನ ಬಿಟ್ಟು ದಿನ ಬಳಸಿ. ಒಣಗಿದ ಗ್ಲೌಸಿನಲ್ಲೂ ಕೈ ಕೆಂಪಾಗಿ ದದ್ದು ಬಂದರೆ ಅದು ಲೇಟೆಕ್ಸಿನ ಅಲರ್ಜಿ ಇರಬಹುದು. ತಕ್ಷಣ ನಿಲ್ಲಿಸಿ ನೈಟ್ರೈಲಿಗೆ ಬದಲಾಯಿಸಿ.

ತಿರುಗುತ್ತಿರುವ ವಿಂಚಿನ (ಹಗ್ಗ ಸುತ್ತಿ ಎಳೆಯುವ ಯಂತ್ರದ) ಡ್ರಮ್ಮಿನ ಹತ್ತಿರ ಇದನ್ನು ಹಾಕಲೇಬಾರದು. ಹಿಡಿತ ಜಾಸ್ತಿ ಇರುವ ಗ್ಲೌಸ್ ಹಗ್ಗದ ಜೊತೆ ಕೈಯನ್ನೂ ಎಳೆದುಕೊಂಡು ಹೋಗುತ್ತದೆ.

ಮೀನು, ಕ್ರೇಟಿನ ಕೆಲಸಕ್ಕೆ 5ರಲ್ಲಿ 4. ಎಂಜಿನ್ ಕೋಣೆಗೆ 1, ಅದೂ ಉದಾರವಾಗಿ.