ಮೊದಲು ಯಾರನ್ನು ಕೇಳಬೇಕು: ಶರಾನ್ ಜೋನ್ಸ್ ಅಥವಾ ಚಾರ್ಲ್ಸ್ ಬ್ರಾಡ್ಲಿ?

ಅಮೆರಿಕದ ಕಪ್ಪು ಜನರ ಭಾವತೀವ್ರ ಸೋಲ್ ಸಂಗೀತಕ್ಕೆ ಹೊಸಬರೇ? ನ್ಯೂಯಾರ್ಕಿನ ಬ್ರೂಕ್ಲಿನ್‌ನ ಧ್ವನಿಮುದ್ರಣ ಸಂಸ್ಥೆ ಡ್ಯಾಪ್‌ಟೋನ್ ರೆಕಾರ್ಡ್ಸ್‌ನ ಈ ಇಬ್ಬರು ಗಾಯಕರಲ್ಲಿ ಒಬ್ಬರಿಂದ ಶುರು ಮಾಡಿ. ಇಬ್ಬರಿಗೂ ದೇಶವಿದೇಶದಲ್ಲಿ ಹೆಸರು ಬಂದದ್ದು ಬಹಳ ತಡವಾಗಿ.

ಮೈ ಕುಣಿಯಬೇಕೆಂದರೆ ಶರಾನ್. ಹುಟ್ಟಿದ್ದು 1956ರಲ್ಲಿ, ಜಾರ್ಜಿಯಾದ ಆಗಸ್ಟಾದಲ್ಲಿ. ನ್ಯೂಯಾರ್ಕಿನ ರೈಕರ್ಸ್ ಐಲೆಂಡ್ ಜೈಲಿನಲ್ಲಿ ಕಾವಲಿನ ಕೆಲಸ ಮಾಡಿದ ಈಕೆಯ ಮೊದಲ ಆಲ್ಬಂ ಬಂದದ್ದು 2002ರಲ್ಲಿ. ಹಿಮ್ಮೇಳದ ಡ್ಯಾಪ್-ಕಿಂಗ್ಸ್ ತಂಡದ ಬಿಗಿಯಾದ ತಾಳ, ಹಿತ್ತಾಳೆ ವಾದ್ಯಗಳ ಅಬ್ಬರದ ನಡುವೆಯೂ ಆಕೆಯ ದನಿಯೇ ಮುಂದಾಳು. ಬ್ರಿಟಿಷ್ ಗಾಯಕಿ ಏಮಿ ವೈನ್‌ಹೌಸ್ ಅವರ 'ಬ್ಯಾಕ್ ಟು ಬ್ಲ್ಯಾಕ್' ಆಲ್ಬಂ ನಿಮಗೆ ಇಷ್ಟವಾಗಿದ್ದರೆ, ಅದರಲ್ಲಿ ನುಡಿಸಿದವರೂ ಇದೇ ತಂಡದವರು. 2007ರ 'ಹಂಡ್ರೆಡ್ ಡೇಸ್, ಹಂಡ್ರೆಡ್ ನೈಟ್ಸ್' ಆಲ್ಬಂ ಹಾಕಿ ನೋಡಿ.

ಬ್ರಾಡ್ಲಿಯ ದಾರಿಯೇ ಬೇರೆ. 1962ರಲ್ಲಿ ನ್ಯೂಯಾರ್ಕಿನ ಅಪೋಲೊ ರಂಗಮಂದಿರದಲ್ಲಿ ಸೋಲ್ ಗಾಯಕ ಜೇಮ್ಸ್ ಬ್ರೌನ್‌ರನ್ನು ಕಂಡ ಹುಡುಗ ಮುಂದೆ ಅಡುಗೆ ಕೆಲಸ ಮಾಡುತ್ತ, ಬ್ರೌನ್‌ರ ವೇಷದಲ್ಲೇ ಹಾಡುತ್ತ ವರ್ಷಗಟ್ಟಲೆ ಕಳೆದರು. ಸ್ವಂತ ಹೆಸರಿನ ಮೊದಲ ಆಲ್ಬಂ ಬಂದಾಗ 2011, ವಯಸ್ಸು 62! ಅದರಲ್ಲಿ ತಮ್ಮ ಸಹೋದರನ ಕೊಲೆಯ ಬಗ್ಗೆ ಹಾಡಿದ್ದಾರೆ. ಆ ಕೂಗು ಕರುಳು ಹಿಂಡುತ್ತದೆ. ಹಿನ್ನೆಲೆಯಲ್ಲಿ ಹಾಕಿಕೊಂಡು ಬೇರೆ ಕೆಲಸ ಮಾಡಲಾಗದು.

ಹೆಚ್ಚಿನವರಿಗೆ ನಾನು ಶರಾನ್‌ರನ್ನೇ ಮೊದಲು ಹೇಳುತ್ತೇನೆ. ಆಕೆಯ ಉತ್ಸಾಹ ಯಾರನ್ನಾದರೂ ಒಳಗೆಳೆದುಕೊಳ್ಳುತ್ತದೆ. ಆದರೆ ರಾಕ್ ಕೇಳಿ ಬೆಳೆದವರು ನೇರವಾಗಿ ಬ್ರಾಡ್ಲಿಯ 2016ರ 'ಚೇಂಜಸ್' ಆಲ್ಬಂಗೆ ಹೋಗಿ. ಅದರ ಶೀರ್ಷಿಕೆ ಗೀತೆ ಮೂಲತಃ ರಾಕ್ ತಂಡ ಬ್ಲ್ಯಾಕ್ ಸಬ್ಬತ್‌ನದು.