ಎರಡು ವರ್ಷ ಮೊಬೈಲ್ ಪಂಚಾಂಗ ಬಳಸಿದ ಮೇಲೆ: ಅಂಕಿ ಸರಿ, ಏಕಾದಶಿ ತಪ್ಪು

ಎರಡು ವರ್ಷದ ಹಿಂದೆ ಮಗ ಬೆಂಗಳೂರಿನಿಂದ ಬಂದಾಗ ನನ್ನ ಮೊಬೈಲಿಗೆ ಈ ಪಂಚಾಂಗದ ಆ್ಯಪ್ ಹಾಕಿಕೊಟ್ಟು ಹೋದ. ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ಆ್ಯಪ್‌ಗಳಲ್ಲೂ ಇರುವಂಥವೇ, ಅವನ್ನು ಬರೆಯುತ್ತ ಕೂರುವುದಿಲ್ಲ. ನನಗೆ ಬೇಕಿದ್ದುದು ಏಕಾದಶಿ ಯಾವತ್ತು, ಮರುದಿನ ಉಪವಾಸ ಬಿಡುವ ಪಾರಣೆ ಎಷ್ಟು ಗಂಟೆಗೆ ಎಂಬುದಷ್ಟೇ. ಅಲ್ಲೇ ಎಡವಿತು.

ನಮ್ಮದು ರಾಯಚೂರಿನ ಮಾಧ್ವರ ಮನೆ, ಅಂದರೆ ವೈಷ್ಣವರು. ಎಂಬತ್ತೆರಡು ದಾಟಿದ ಅತ್ತೆಯವರು ಈಗಲೂ ಏಕಾದಶಿಗೆ ಹನಿ ನೀರು ಮುಟ್ಟುವುದಿಲ್ಲ. ಕಳೆದ ಭಾದ್ರಪದದಲ್ಲಿ ಒಂದು ಬೆಳಿಗ್ಗೆ ಆ್ಯಪ್ ಗಂಟೆ ಬಾರಿಸಿ ‘ಇಂದು ಏಕಾದಶಿ’ ಎಂದಿತು. ನಾನು ಒಲೆ ಹಚ್ಚಲಿಲ್ಲ. ಅತ್ತೆಯವರು ಜಪ ಮುಗಿಸಿ ಬಂದು, “ದಶಮಿ ಎಷ್ಟರವರೆಗೆ ಇತ್ತು ನೋಡವ್ವಾ” ಎಂದರು. ಬೆಳಗಿನ ಜಾವ 4 ಗಂಟೆ 50 ನಿಮಿಷ. “ಸೂರ್ಯೋದಯ?” 6 ಗಂಟೆ 10 ನಿಮಿಷ. ಅವರ ಹೆಬ್ಬೆರಳು ಬೆರಳುಗಳ ಗೆಣ್ಣಿನ ಮೇಲೆ ಓಡಿತು. ಸೂರ್ಯೋದಯಕ್ಕೆ ಮುಂಚಿನ ನಾಲ್ಕು ಗಳಿಗೆ ಅರುಣೋದಯ. ಗಳಿಗೆಗೆ 24 ನಿಮಿಷದಂತೆ 96 ನಿಮಿಷ ಹಿಂದೆ ಹೋದರೆ 4 ಗಂಟೆ 34 ನಿಮಿಷ. ಆಗಿನ್ನೂ ದಶಮಿ ಮುಗಿದಿರಲಿಲ್ಲ. “ಇದು ವಿದ್ಧ, ದಶಮಿ ಸೋಕಿದ ಏಕಾದಶಿ. ನಮ್ಮ ಉಪವಾಸ ನಾಳೆ. ಹೋಗು, ಅನ್ನಕ್ಕಿಡು.”

ಲೆಕ್ಕಕ್ಕೆ ಬೇಕಾದ ಅಂಕಿಗಳೆಲ್ಲ ಆ್ಯಪ್‌ನಲ್ಲೇ ಇದ್ದವು, ತೀರ್ಪು ಕೆಡಿಸುವಂಥ ತಪ್ಪು ಅವುಗಳಲ್ಲಿರಲಿಲ್ಲ. ಆದರೆ ಅದು ಸ್ಮಾರ್ತರ ಪದ್ಧತಿಯಂತೆ ಸೂರ್ಯೋದಯದ ಹೊತ್ತಿಗೆ ಏಕಾದಶಿ ಇದೆಯೇ ಎಂದಷ್ಟೇ ನೋಡಿ ತೀರ್ಪು ಕೊಟ್ಟಿತ್ತು. ವೈಷ್ಣವರ ಆಯ್ಕೆಯೂ ಇದೆಯಂತೆ! ಮೂರು ಪುಟ ಒಳಗೆ, ‘ಇತರೆ’ ಎಂಬ ಮೂಲೆಯಲ್ಲಿ. ಮೊದಲ ದಿನವೇ ನಮ್ಮ ಪದ್ಧತಿ ಯಾವುದೆಂದು ಕೇಳಲು ಇದಕ್ಕೇನು ಧಾಡಿ? ಹುಟ್ಟಿದ ದಿನಾಂಕ ಕೇಳಿತ್ತು, ಮೊಬೈಲ್ ಸಂಖ್ಯೆ ಕೇಳಿತ್ತು. ಪದ್ಧತಿಯನ್ನು ಸರಿಪಡಿಸಲು ಹೋದಾಗ ಇನ್ನೊಂದು ಕಣ್ಣಿಗೆ ಬಿತ್ತು. ಊರಿನ ಜಾಗದಲ್ಲಿ ಅಷ್ಟು ದಿನವೂ ಬೆಂಗಳೂರು ಎಂದೇ ಇತ್ತು. ಡಿಸೆಂಬರಿನಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಬೆಂಗಳೂರಿಗಿಂತ ಆರೇಳು ನಿಮಿಷ ತಡವಾಗಿ, ಜೂನಿನಲ್ಲಿ ಸುಮಾರು ಐದು ನಿಮಿಷ ಮುಂಚೆ. ಬೇರೆಯವರಿಗೆ ಐದು ನಿಮಿಷ ಏನೂ ಅಲ್ಲದಿರಬಹುದು.

ಇದರ ಮೇಲೆ ಜಾಹೀರಾತು ಬೇರೆ. ಏಕಾದಶಿಯಂದೇ ವಿಷ್ಣು ಸಹಸ್ರನಾಮದ ಪುಟದ ಕೆಳಗೆ ಬಿರಿಯಾನಿ ಹಬೆಯಾಡುತ್ತಿತ್ತು. ಅತ್ತೆಯವರಿಗೆ ಕಾಣದಂತೆ ಹೆಬ್ಬೆರಳು ಅಡ್ಡ ಹಿಡಿದು ಓದಿದ್ದೇನೆ. ಅದು ಬೇಡವಾದರೆ ವರ್ಷಕ್ಕೆ 299 ರೂಪಾಯಿ ಕಟ್ಟಬೇಕು. ಅಂಗಡಿಯ ಪಂಚಾಂಗಕ್ಕೆ ನಾನು ಅದರ ಅರ್ಧವನ್ನೂ ಕೊಡುವುದಿಲ್ಲ.

ಅಳಿಸಿ ಹಾಕುವವಳೇ ಇದ್ದೆ. ತಡೆದದ್ದು ಮಾರ್ಗಶಿರದ ಒಂದು ಸಾಧನ ದ್ವಾದಶಿ.

ದ್ವಾದಶಿ ಅಂದು ಬೆಳಿಗ್ಗೆ 7 ಗಂಟೆ 5 ನಿಮಿಷಕ್ಕೆ ಮುಗಿಯುತ್ತಿತ್ತು, ಅಷ್ಟರೊಳಗೆ ಪಾರಣೆ ಆಗಬೇಕು. ಮೂರೂವರೆಗೆ ಎದ್ದು ತಣ್ಣೀರು ಸುರಿದುಕೊಂಡು ಮಡಿ ಉಟ್ಟೆ. ಹಿಂದಿನ ದಿನವೇ ಬಿಡಿಸಿಟ್ಟ ಅಗಸೆ ಸೊಪ್ಪು, ನೆಲ್ಲಿಕಾಯಿ, ಹೆಸರುಬೇಳೆ. ಮಡಿಯಲ್ಲಿ ಮೊಬೈಲ್ ಮುಟ್ಟುವಂತಿಲ್ಲ. ಮೊದಲಾದರೆ ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ಗಡಿಯಾರ ನೋಡಿ ಹೇಳುತ್ತಿದ್ದರು. ನಿಂತಲ್ಲೇ ತೂಕಡಿಸುತ್ತಿದ್ದರು ಎಂಬುದು ಬೇರೆ ಮಾತು. ಆ ದಿನ ಅಡುಗೆಮನೆಯ ಹೊಸ್ತಿಲಾಚೆ ಮೊಬೈಲ್ ಇಟ್ಟು ಧ್ವನಿಯ ಗುಂಡಿ ಒತ್ತಿಸಿದೆ. ಕತ್ತಲಲ್ಲಿ ಅದು ತಾನಾಗಿ ಹೇಳತೊಡಗಿತು: “ದ್ವಾದಶಿ ಮುಗಿಯಲು ಒಂದು ಗಂಟೆ.” ಆಮೇಲೆ, “ನಲವತ್ತು ನಿಮಿಷ.” ಸೊಪ್ಪಿನ ಒಗ್ಗರಣೆ ಚಟಪಟ ಎನ್ನುವಾಗ ದೇವರಕೋಣೆಯಿಂದ ಅತ್ತೆಯವರು “ಆಯಿತಪ್ಪಾ, ಆಯಿತು” ಎಂದು ಅದಕ್ಕೇ ಉತ್ತರ ಕೊಟ್ಟರು. 6 ಗಂಟೆ 52 ನಿಮಿಷಕ್ಕೆ ಅವರು ತೀರ್ಥ ತೆಗೆದುಕೊಂಡು ಎಲೆಯ ಮುಂದೆ ಕೂತರು. ಈಗ ಮೊಬೈಲ್ ಇಡಲೆಂದೇ ಹೊಸ್ತಿಲಾಚೆ ಒಂದು ಹಳೆಯ ಮಣೆ ಇದೆ, ಅವರೇ ಅಟ್ಟದಿಂದ ತೆಗೆಸಿ ಕೊಟ್ಟದ್ದು.

ಚಾತುರ್ಮಾಸ್ಯದಲ್ಲೂ ಉಪಯೋಗಕ್ಕೆ ಬರುತ್ತದೆ. ಶಾಕ, ದಧಿ, ಕ್ಷೀರ, ದ್ವಿದಳ, ಅಂದರೆ ತರಕಾರಿ, ಮೊಸರು, ಹಾಲು, ಬೇಳೆಕಾಳು ಒಂದೊಂದನ್ನೇ ಬಿಡುವ, ನಾಲ್ಕು ತಿಂಗಳಿಗೆ ನಾಲ್ಕು ವ್ರತ. ಬದಲಾಗುವ ಹಿಂದಿನ ರಾತ್ರಿಯೇ ನೆನಪಿಸುತ್ತದೆ. ಕ್ಷೀರ ವ್ರತದ ಮುನ್ನಾದಿನ ಹಾಲಿನವನಿಗೆ ಬೇಡವೆಂದು ಹೇಳಲು ಮರೆತು, ಬೆಳಿಗ್ಗೆ ಬಂದ ಎರಡು ಲೀಟರ್ ಹಾಲನ್ನು ಪಕ್ಕದ ಮನೆಗೆ ಹೊರುವ ಕೆಲಸ ತಪ್ಪಿದೆ. ಹಾಲಿಲ್ಲದ ಕಾಫಿಯ ಸಂಕಟಕ್ಕೆ ಅದರಲ್ಲೂ ಮದ್ದಿಲ್ಲ. ರಾಯರ ಆರಾಧನೆಯನ್ನೂ ವಾರ ಮೊದಲೇ ತಿಳಿಸುವುದರಿಂದ ಶ್ರಾವಣ ಬಹುಳ ದ್ವಿತೀಯದ ನೂಕುನುಗ್ಗಲಿಗೆ ಮುಂಚೆಯೇ ತುಂಗಭದ್ರೆ ದಾಟಿ ಮಂತ್ರಾಲಯಕ್ಕೆ ಹೋಗಿ ಬಂದೆವು.

ಕಳೆದ ತಿಂಗಳು 299 ಕಟ್ಟಿದೆ, ಬಿರಿಯಾನಿ ತೊಲಗಿತು. ಪದ್ಧತಿ, ಊರು ಎರಡನ್ನೂ ಬದಲಿಸಿದ ಮೇಲೆ ಏಕಾದಶಿ ಮಠದ ಪಂಚಾಂಗಕ್ಕೆ ಇದುವರೆಗೆ ಸರಿಹೊಂದಿದೆ. ಅತ್ತೆಯವರು ಮಾತ್ರ ಈಗಲೂ ನನ್ನಿಂದ ಎರಡೇ ಅಂಕಿ ಓದಿಸುತ್ತಾರೆ, ದಶಮಿಯ ಕೊನೆ ಮತ್ತು ಸೂರ್ಯೋದಯ. ಉಳಿದದ್ದು ಅವರ ಬೆರಳ ಗೆಣ್ಣಿನ ಮೇಲೆ.

ಐದರಲ್ಲಿ ಮೂರು ನಕ್ಷತ್ರ. ಸ್ಮಾರ್ತರೋ ವೈಷ್ಣವರೋ ಎಂದು ಮೊದಲ ಪುಟದಲ್ಲೇ ಕೇಳಿದ ದಿನ ನಾಲ್ಕನೆಯದನ್ನು ಕೊಡುತ್ತೇನೆ.